ಹಿತ್ತಲ ಕೋಳಿಗೆ ಹುಳಿ ಕಾಳು

ಬೆಳಗ್ಗೆ ಆರೂವರೆ. ಹಿತ್ತಲ ಬಾಗಿಲ ಚಿಲಕ ಸದ್ದು ಮಾಡಿದರೆ ಸಾಕು, ಗೂಡಿನೊಳಗೆ ಗದ್ದಲ ಶುರು. ಬಚ್ಚಲ ಪಕ್ಕದ ನೆರಳಲ್ಲಿಟ್ಟ ಬಕೆಟ್ಟಿನ ಮುಚ್ಚಳ ತೆಗೆದಾಗ ಹುಳಿ ಮಜ್ಜಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಮೇಲೆ ಎರಡು ಬೆರಳಿನಷ್ಟು ಮಸುಕು ನೀರು, ಅದರಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಕೈ ಅದ್ದಿ ಒಂದು ಬೊಗಸೆ ಕಾಳು ಎತ್ತಿದರೆ ಬುಡದಿಂದ ಗುಳುಗುಳು ಎಂದು ಗಾಳಿ ಹೊರಡುತ್ತದೆ. ಮೊನ್ನೆ ಹಲ್ಲಿಗೂ ಬಗ್ಗದಿದ್ದ ಮುಸುಕಿನ ಜೋಳ ಈಗ ಬೆರಳಲ್ಲಿ ಹಿಚುಕಿದರೆ ಒಡೆದು ತಿರುಳು ಬಿಡುತ್ತದೆ.

ತಟ್ಟೆಗೆ ಸುರಿಯುವಷ್ಟರಲ್ಲಿ ಹುಂಜ ಕುತ್ತಿಗೆ ಬಗ್ಗಿಸಿ ಕೊಕ್ಕೊಕ್ ಎಂದು ಹೇಂಟೆಗಳನ್ನು ಕರೆಯುತ್ತದೆ. ಅವು ಕರೆಗೆಲ್ಲ ಕಾಯುವುದಿಲ್ಲ. ಸ್ವಲ್ಪ ಹೊತ್ತಿಗೆ ತಟ್ಟೆ ಖಾಲಿ. ಕೊಕ್ಕಿಗೆ ಮೆತ್ತಿದ್ದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೆಲಕ್ಕೆ ಒರೆಸಿಕೊಂಡು ಎಲ್ಲವೂ ತಿಪ್ಪೆ ಕೆದಕಲು ಹೊರಡುತ್ತವೆ.

ಕಾಳನ್ನು ನೆನೆಸಿ, ಹುಳಿ ಬರಿಸಿ ಕೋಳಿಗೆ ಹಾಕುವ ಈ ಪದ್ಧತಿಗೆ ‘ಫರ್ಮೆಂಟೆಡ್ ಫೀಡ್’ ಎಂಬ ಹೆಸರಿನಲ್ಲಿ ಈಗ ಒಳ್ಳೆಯ ಪ್ರಚಾರ. ಊರಿನ ಹಿತ್ತಲಿನಿಂದ ಬೆಂಗಳೂರಿನ ತಾರಸಿಯವರೆಗೆ ನಾಲ್ಕು ಕೋಳಿ ಸಾಕಿದವರೆಲ್ಲ ಇದರ ಹೆಸರು ಕೇಳಿದ್ದಾರೆ. ಪ್ರಚಾರವನ್ನು ನಂಬಿದರೆ ಫೀಡಿನ ಖರ್ಚು ಅರ್ಧ, ಮೊಟ್ಟೆ ಎರಡರಷ್ಟು, ರೋಗ ಹತ್ತಿರವೂ ಸುಳಿಯದು. ಇದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಉತ್ಸಾಹವಿದೆ. ಹುಳಿ ಬಕೆಟ್ಟಿಗೆ ಗೊತ್ತಿರುವ ಕೆಲಸ ಒಂದೆರಡೇ. ಅವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಉಳಿದದ್ದನ್ನೂ ಅದರ ತಲೆಗೆ ಕಟ್ಟಿದಾಗ ಎಡವಟ್ಟು.

ಕಣದಿಂದ ಫೀಡಿನ ಚೀಲಕ್ಕೆ

ಹಿಂದೆ ಕೋಳಿಗೆಂದು ಯಾರೂ ಆಹಾರ ಕೊಳ್ಳುತ್ತಿರಲಿಲ್ಲ. ಕಣದಲ್ಲಿ ಚೆಲ್ಲಿದ ರಾಗಿ, ತಿಪ್ಪೆಯ ಹುಳು, ಮಳೆ ಬಿದ್ದಾಗ ಏಳುವ ಗೆದ್ದಲು, ಕೇರಿದ ಮೊರದಿಂದ ಉದುರಿದ ನುಚ್ಚು, ಇಷ್ಟರಲ್ಲೇ ಅದರ ಹೊಟ್ಟೆ ತುಂಬುತ್ತಿತ್ತು. ದನಕ್ಕಿಟ್ಟ ಕಲಗಚ್ಚಿನ ಬಾನಿಯ ಸುತ್ತ ಚೆಲ್ಲಿದ್ದನ್ನೂ ಬಿಡುತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಬಿದ್ದು ಹುಳಿಯಾಗುತ್ತಿದ್ದ ಬಾನಿ ಅದು. ಮಿಕ್ಕ ಗಂಜಿಗೆ ತೌಡು ಕಲಸಿ ಹಾಕುವ ಮನೆಗಳೂ ಇದ್ದವು. ಹುಳಿ ಬಂದದ್ದು ಕೋಳಿಗೆ ಹೊಸದೇನಲ್ಲ. ಆದರೆ ಆ ಬಾನಿಯಲ್ಲಿ ಹುಳಿ ಬಂದದ್ದೆಷ್ಟು, ಕೊಳೆತದ್ದೆಷ್ಟು ಎಂದು ನೋಡಿದವರಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟು, ನಡುವೆ ಕಾವಿಗೆ ಕೂತು ಮರಿ ಮಾಡುತ್ತಿದ್ದ ನಾಟಿ ಕೋಳಿಗೆ ಅಷ್ಟು ಸಾಕಿತ್ತು.

ಲೆಕ್ಕ ಬದಲಾಯಿಸಿದ್ದು ಸುಧಾರಿತ ತಳಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ವಿಜ್ಞಾನಿಗಳು 1989ರಲ್ಲಿ ‘ಗಿರಿರಾಜ’ ಬಿಡುಗಡೆ ಮಾಡಿದರು. ನಾಟಿ ಕೋಳಿಯಂತೆ ಬಣ್ಣದ ಗರಿ, ಹಿತ್ತಲಲ್ಲಿ ಮೇಯುವ ಸ್ವಭಾವ, ಮೊಟ್ಟೆ ಮಾತ್ರ ವರ್ಷಕ್ಕೆ 130ರಿಂದ 150. ‘ಸ್ವರ್ಣಧಾರ’ ಬಂದ ಮೇಲೆ ಸಂಖ್ಯೆ 180 ದಾಟಿತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. 2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ; ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು.

ಮೂರು ಪಟ್ಟು ಮೊಟ್ಟೆ ಇಡುವ ಕೋಳಿ ತಿಪ್ಪೆಯನ್ನಷ್ಟೇ ನಂಬಿ ಬದುಕಲಾರದು. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಒಣ ಆಹಾರ ಬೇಕು. ಹತ್ತು ಕೋಳಿಗೆ ತಿಂಗಳಿಗೆ ಮೂವತ್ತು ಕಿಲೋ ದಾಟುತ್ತದೆ. ಹಾಗಾಗಿ ಮನೆಗೆ ಫೀಡಿನ ಚೀಲ ಬಂತು. ಅದರ ಬೆಲೆ ನೋಡಿದವರ ಗಮನ ಹುಳಿ ಬಕೆಟ್ಟಿನ ಕಡೆ ಹರಿಯಿತು.

ನೀರಿನ ಕೆಳಗೆ ನಡೆಯುವುದು

ಕಾಳಿನ ಹೊಟ್ಟಿನ ಮೇಲೆ ಹೊಲದಿಂದಲೇ ಬಂದ ಸೂಕ್ಷ್ಮಾಣುಗಳು ನೂರೆಂಟು ಬಗೆಯವು ಇರುತ್ತವೆ. ನೀರು ಬಿದ್ದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ಕೂರುತ್ತವೆ, ಕೆಟ್ಟವೂ ಸೇರಿ. ಮೊದಲ ದಿನ ಬಕೆಟ್ಟು ಯಾರ ಕೈಯಲ್ಲೂ ಇರುವುದಿಲ್ಲ. ಕಾಳು ನೀರಿನಡಿ ಮುಳುಗಿ ಗಾಳಿ ಕಡಿಮೆಯಾದಂತೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಮುಂದೆ ಬರುತ್ತವೆ. ಹಾಲನ್ನು ಮೊಸರು ಮಾಡುವವೂ ಇದೇ ಬಳಗದವು. ಕಾಳಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಆ ಹುಳಿ ಅವಕ್ಕೆ ಒಗ್ಗುತ್ತದೆ, ಬೇರೆಯವಕ್ಕೆ ಒಗ್ಗುವುದಿಲ್ಲ. ದೋಸೆ ಹಿಟ್ಟು ರಾತ್ರಿಯೆಲ್ಲ ಹೊರಗಿದ್ದರೂ ಕೊಳೆಯದೆ ಹುಳಿಯಾಗುವುದು ಹೀಗೆಯೇ.

ಹುಳಿಯನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಶುದ್ಧ ನೀರಿನದು 7. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಚೆನ್ನಾಗಿ ಹುಳಿ ಬಂದ ಕಾಳಿನದು 4.5ಕ್ಕಿಂತ ಕೆಳಗಿರುತ್ತದೆ. ಅಲ್ಲಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ, ಇ-ಕೊಲೈಗಳ ಆಟ ನಡೆಯುವುದು ಕಷ್ಟ. ಕೋಳಿಯ ಕುತ್ತಿಗೆ ಜೋತುಬೀಳುವ ಹಾಗೆ ಮಾಡುವ ಬಾಟುಲಿಸಂ ವಿಷದ ರೋಗಾಣುವೂ 4.6ಕ್ಕಿಂತ ಕೆಳಗೆ ಬೆಳೆಯಲಾರದು. ಹುಳಿ ಕಾಳಿನ ಮೊದಲ ಲಾಭ ಇದೇ: ಒದ್ದೆ ಆಹಾರ ಕೊಳೆಯದೆ ಉಳಿಯುತ್ತದೆ.

ಆದ್ದರಿಂದ ಅರೆಬರೆ ಹುಳಿಯೇ ಎಲ್ಲಕ್ಕಿಂತ ಕೆಟ್ಟದ್ದು. ಬೇಸಿಗೆಯಲ್ಲಿ ಹನ್ನೆರಡು ಗಂಟೆ ನೆನೆದು ಬೆಚ್ಚಗಾದ, ಇನ್ನೂ ಹುಳಿ ಏರದ ಕಾಳಿನಲ್ಲಿ ಒಳ್ಳೆಯವಕ್ಕಿಂತ ಕೆಟ್ಟವೇ ಹೆಚ್ಚಿರಬಹುದು. ಒಂದು ರಾತ್ರಿ ನೆನೆಸಿ ‘ಫರ್ಮೆಂಟ್ ಆಯಿತು’ ಎನ್ನುವವರು ಈ ಹಂತದಲ್ಲೇ ತಟ್ಟೆಗೆ ಸುರಿಯುತ್ತಾರೆ.

ಕೋಳಿಯೊಳಗಿನ ಹುಳಿ

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಹೋಗಿ ಕೂರುವುದು ಎದೆಯ ಮೇಲಿನ ಚೀಲದಲ್ಲಿ. ಸಂಜೆ ಗೂಡಿಗೆ ಹತ್ತುವ ಹೇಂಟೆಯ ಕುತ್ತಿಗೆಯ ಬುಡ ಸವರಿದರೆ ನಿಂಬೆಹಣ್ಣಿನ ಗಾತ್ರದಲ್ಲಿ ಕೈಗೆ ಸಿಗುತ್ತದೆ. ಅಲ್ಲಿ ಕಾಳು ನೆನೆದು ಮೆತ್ತಗಾಗಿ ಮುಂದೆ ಗಿಜರ್ಡ್ ಎಂಬ ಗಟ್ಟಿ ಮಾಂಸದ ಚೀಲಕ್ಕೆ ಇಳಿದು, ಕೋಳಿ ನುಂಗಿದ ಹರಳುಕಲ್ಲುಗಳ ನಡುವೆ ಅರೆಯಲ್ಪಡುತ್ತದೆ.

ಮೊದಲಿನ ಆ ಚೀಲ ಬರಿಯ ಉಗ್ರಾಣವಲ್ಲ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಚೀಲದ ಒಳಗೋಡೆಗೆ ಲ್ಯಾಕ್ಟೋಬ್ಯಾಸಿಲಸ್‌ಗಳು ಅಂಟಿಕೊಂಡೇ ಇರುತ್ತವೆ. ಒದ್ದೆ, ಬಿಸಿ, ಕಾಳು, ಬ್ಯಾಕ್ಟೀರಿಯಾ ಎಲ್ಲ ಇರುವಾಗ ಹುಳಿಗೆ ಇನ್ನೇನು ಬೇಕು? ನಾವು ಬಕೆಟ್ಟಿನಲ್ಲಿ ಮಾಡುವ ಕೆಲಸವನ್ನು ಕೋಳಿ ದಿನವೂ ತನ್ನೊಳಗೇ ಸ್ವಲ್ಪಮಟ್ಟಿಗೆ ಮಾಡಿಕೊಳ್ಳುತ್ತಿರುತ್ತದೆ.

ಈ ಬ್ಯಾಕ್ಟೀರಿಯಾಗಳು ಮರಿಗೆ ಬರುವುದೆಲ್ಲಿಂದ? ತಾಯಿಯ ರೆಕ್ಕೆಯಡಿ ಹುಟ್ಟಿದ ಮರಿ ತಾಯಿ ಕೆದಕಿದ ಮಣ್ಣಿನಿಂದ, ಹಿಕ್ಕೆಯಿಂದ ಅವನ್ನು ಪಡೆಯುತ್ತದೆ. ಯಂತ್ರದಲ್ಲಿ ಒಡೆದು ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಮರಿಗೆ ತಾಯಿಯೇ ಇಲ್ಲ. 1973ರಲ್ಲಿ ಫಿನ್ಲೆಂಡಿನ ಎಸ್ಕೊ ನುರ್ಮಿ ಮತ್ತು ರಂತಾಲ ಎಂಬ ವಿಜ್ಞಾನಿಗಳು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನಲ್ಲಿದ್ದದ್ದನ್ನು ಎಳೆ ಮರಿಗೆ ಕೊಟ್ಟರೆ ಅದಕ್ಕೆ ಸಾಲ್ಮೊನೆಲ್ಲಾ ಸುಲಭಕ್ಕೆ ಅಂಟುವುದಿಲ್ಲ. ಒಳ್ಳೆಯವು ಮೊದಲೇ ಜಾಗ ಹಿಡಿದರೆ ಕೆಟ್ಟವಕ್ಕೆ ಕೂರಲು ಎಡೆಯಿಲ್ಲ. ಈ ಶತಮಾನದ ಆರಂಭದಲ್ಲಿ ನೆದರ್‌ಲೆಂಡ್ಸಿನಲ್ಲಿ ಮಾಂಸದ ಕೋಳಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಹುಳಿ ಬರಿಸಿದ ತೆಳು ಆಹಾರ ತಿಂದವು ಸಾಲ್ಮೊನೆಲ್ಲಾಕ್ಕೆ ಅಷ್ಟು ಬೇಗ ಬಲಿಯಾಗಲಿಲ್ಲ. ಪೆಟ್ಟಿಗೆಯಲ್ಲಿ ಗಿರಿರಾಜ ಮರಿ ತಂದು ಸಾಕುವವರಿಗೆ ಹುಳಿ ಆಹಾರ ಉಪಯುಕ್ತವಾಗುವುದು ಈ ಕಾರಣಕ್ಕೆ.

ಇನ್ನೊಂದು ಲಾಭ ರಂಜಕದ್ದು. ಕಾಳು ತೌಡುಗಳಲ್ಲಿರುವ ರಂಜಕದ ಮೂರನೇ ಎರಡರಷ್ಟು ಫೈಟೇಟ್ ಎಂಬ ಸಂಯುಕ್ತದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಕೋಳಿಯಲ್ಲಿ ಸಾಲದು, ಹಾಗಾಗಿ ಬಹುಪಾಲು ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಕಾಳು ನೆನೆದು ಹುಳಿಯಾದಾಗ ಕಾಳಿನದೇ ಕಿಣ್ವ ಎಚ್ಚರಗೊಂಡು ಒಂದಷ್ಟನ್ನು ಬಿಡಿಸಿಕೊಡುತ್ತದೆ. ಗೋಧಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮುಸುಕಿನ ಜೋಳದಲ್ಲಿ ಕಡಿಮೆ.

ಮಾಡುವುದು ಹೀಗೆ

ಬೇಕಾದದ್ದು ಒಂದು ಪ್ಲಾಸ್ಟಿಕ್ ಬಕೆಟ್ಟು ಅಥವಾ ಉಪ್ಪಿನಕಾಯಿಯ ಹಳೇ ಭರಣಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ತಗಡು ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮುಸುಕಿನ ಜೋಳದ ನುಚ್ಚು, ನುಚ್ಚಕ್ಕಿ, ಸಜ್ಜೆ, ರಾಗಿ, ಗೋಧಿ, ಸ್ವಲ್ಪ ತೌಡು, ಮನೆಯಲ್ಲಿ ಏನಿದೆಯೋ ಅದು. ಬಕೆಟ್ಟಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕಾಳು ಉಬ್ಬುತ್ತದೆ. ಕಾಳು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು ಹಾಕಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ.

ಮುಚ್ಚಳ ಬಿಗಿಯಬಾರದು, ಒಳಗೆ ಗಾಳಿ ತಯಾರಾಗುತ್ತದೆ, ಹೊರಬರಲು ದಾರಿ ಬೇಕು. ದಿನಕ್ಕೆರಡು ಸಲ ಒಣ ಸೌಟಿನಿಂದ ಕೈಯಾಡಿಸಿ, ನೀರು ಇಂಗಿದ್ದರೆ ಸೇರಿಸಿ. ಇಡೀ ವಿದ್ಯೆ ಇರುವುದು ಈ ‘ನೀರು ಮೇಲಿರಬೇಕು’ ಎಂಬ ಮಾತಿನಲ್ಲಿ. ತಲೆ ಎತ್ತಿದ ಕಾಳಿಗೆ ಬೂಷ್ಟು, ಮುಳುಗಿದ ಕಾಳಿಗೆ ಹುಳಿ.

ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಎರಡು ದಿನ ಸಾಕು. ಮಲೆನಾಡಿನ ಮಳೆಗಾಲದಲ್ಲಿ, ಮಾಗಿಯ ಚಳಿಯಲ್ಲಿ ಮೂರು ನಾಲ್ಕು ದಿನ ಹಿಡಿಯುತ್ತದೆ. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆ ಬೆರೆಸಿದರೆ ಬೇಗ ಆಗುತ್ತದೆ. ಆಮೇಲೆ ಮಜ್ಜಿಗೆಯೂ ಬೇಡ, ಹಳೆಯ ಬಕೆಟ್ಟಿನ ನೀರೇ ಹೆಪ್ಪು. ಹೆಪ್ಪು ಹಾಕಿದ ಬಕೆಟ್ಟಿನಲ್ಲಿ ಮೊದಲ ದಿನದ ಆ ಅರಾಜಕತೆ ಬೇಗ ಮುಗಿಯುವುದೇ ದೊಡ್ಡ ಅನುಕೂಲ. ಆಪಲ್ ಸೈಡರ್ ವಿನಿಗರ್ ಹಾಕಲು ಹೇಳುವವರೂ ಇದ್ದಾರೆ. ದುಬಾರಿ ಸೀಸೆ, ಅದರಲ್ಲಿರುವ ಬ್ಯಾಕ್ಟೀರಿಯಾ ಗಾಳಿ ಬೇಡುವ ಜಾತಿಯದು, ನೀರಿನಡಿ ಅದಕ್ಕೆ ಕೆಲಸವಿಲ್ಲ. ಮನೆಯ ಮಜ್ಜಿಗೆಯೇ ವಾಸಿ.

ಮೂಗೇ ಪರೀಕ್ಷಕ. ಮಜ್ಜಿಗೆಯ, ಅಂಬಲಿಯ ವಾಸನೆ ಸರಿ. ಹೆಂಡದ ವಾಸನೆ ಜೋರಾದರೆ ದಿನ ಮೀರಿ ಯೀಸ್ಟ್ ಹೆಚ್ಚಾಗಿದೆ ಎಂದರ್ಥ. ಬಕೆಟ್ಟು ತೊಳೆದು ಹೊಸದಾಗಿ ಶುರು ಮಾಡಬೇಕು. ನೀರಿನ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿದರೆ ತೆಗೆದೆಸೆದರಾಯಿತು. ಹಸಿರು, ಕಪ್ಪು, ಗುಲಾಬಿ ಬಣ್ಣದ ತುಪ್ಪಳು ಕಂಡರೆ, ಕೊಳೆತ ನಾತ ಬಂದರೆ ಇಡೀ ಬಕೆಟ್ಟು ಗೊಬ್ಬರದ ಗುಂಡಿಗೆ. ‘ಮೇಲಿನದು ತೆಗೆದು ಕೆಳಗಿನದು ಹಾಕೋಣ’ ಎಂಬ ಜಿಪುಣತನ ಇಲ್ಲಿ ಸಲ್ಲ.

ಸೋಸಿ, ಒಂದು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ತಟ್ಟೆಗೆ ಹಾಕಬೇಕು. ಮಧ್ಯಾಹ್ನದ ಬಿಸಿಲಿಗೆ ಬಿದ್ದಿರುವ ಒದ್ದೆ ಕಾಳು ನೊಣಗಳ ತೊಟ್ಟಿಲು.

ಸುಣ್ಣ ಆಮೇಲೆ

ಬಹಳ ಜನ ತಪ್ಪುವುದು ಇಲ್ಲಿ: ಅಂಗಡಿಯಿಂದ ತಂದ ಲೇಯರ್ ಫೀಡನ್ನೇ ನೇರವಾಗಿ ಬಕೆಟ್ಟಿಗೆ ಸುರಿಯುತ್ತಾರೆ. ಮೊಟ್ಟೆ ಕೋಳಿಯ ಫೀಡಿನಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಅದು ಬರುವುದು ಸುಣ್ಣದ ಕಲ್ಲು, ಚಿಪ್ಪಿನ ಪುಡಿಯಿಂದ. ಸುಣ್ಣ ಹುಳಿಯ ವೈರಿ. ಬ್ಯಾಕ್ಟೀರಿಯಾ ತಯಾರಿಸಿದ ಆಮ್ಲವನ್ನೆಲ್ಲ ಅದು ನುಂಗಿಹಾಕುತ್ತದೆ, ಪಿಎಚ್ ಇಳಿಯದೆ ಬಕೆಟ್ಟು ಅರೆಬರೆ ಹಂತದಲ್ಲೇ ತೂಗಾಡುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಕಂಪನಿ ಫೀಡಿಗೆ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬಿಡಿಯಾಗಿ ಬೆರೆಸಿರುತ್ತಾರೆ. ಹುಳಿ ಏರುವ ಮುಂಚಿನ ಹೊತ್ತಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಹಾಳುಮಾಡುತ್ತವೆ. ಹಂದಿಗಳಿಗೆ ಹುಳಿ ಆಹಾರ ಕೊಡುವ ಯುರೋಪಿನ ಸಾಕಣೆದಾರರಿಗೆ ಇದು ಚೆನ್ನಾಗಿ ಗೊತ್ತು. ದುಡ್ಡು ಕೊಟ್ಟು ತಂದ ಪೋಷಕಾಂಶವನ್ನು ನಾವೇ ಸೂಕ್ಷ್ಮಾಣುಗಳಿಗೆ ಉಣಿಸಿದಂತಾಯಿತು.

ಅದಕ್ಕೇ ಬಕೆಟ್ಟಿಗೆ ಬರಿ ಕಾಳು, ತೌಡು. ಶೇಂಗಾ ಹಿಂಡಿ, ಸೋಯಾ ಹಿಂಡಿ, ಒಣಮೀನಿನ ಪುಡಿ, ಖನಿಜದ ಪುಡಿ ಇವನ್ನು ತಟ್ಟೆಗೆ ಹಾಕುವ ಹೊತ್ತಿಗೆ ಕಲಸಬೇಕು. ಚಿಪ್ಪಿನ ಪುಡಿ ಬೇರೆಯದೇ ಕರಟದಲ್ಲಿ ಇಟ್ಟರೆ ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ.

‘ರಾಗಿಯಲ್ಲಿ ಕ್ಯಾಲ್ಸಿಯಂ ಭರ್ತಿ ಇದೆಯಲ್ಲ, ಅದನ್ನೇ ಹುಳಿ ಬರಿಸಿ ಹಾಕಿದರೆ ಸಾಲದೇ?’ ಎಂದು ಹಳೇ ಮೈಸೂರಿನ ಕಡೆ ಕೇಳುವುದುಂಟು. ನೂರು ಗ್ರಾಂ ರಾಗಿಯಲ್ಲಿ ಇರುವುದು ಮೂರೂವರೆ ನೂರು ಮಿಲಿಗ್ರಾಂ ಆಸುಪಾಸು. ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂ ಬೇಕು. ದಿನವಿಡೀ ರಾಗಿಯನ್ನೇ ತಿಂದರೂ ಆರನೇ ಒಂದು ಪಾಲು ಸಿಕ್ಕೀತು. ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದ ಕೀಳುತ್ತದೆ. ರಾಗಿಯ ಪ್ರೋಟೀನು ಶೇ 7ರಷ್ಟು, ಮೊಟ್ಟೆ ಕೋಳಿಗೆ ಬೇಕಾದದ್ದು ಶೇ 16ಕ್ಕಿಂತ ಮೇಲೆ. ಹುಳಿ ಇದ್ದದ್ದನ್ನು ಸುಲಭವಾಗಿ ಸಿಗುವಂತೆ ಮಾಡುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ಬೂಷ್ಟು ಹುಳಿಗೆ ಬಗ್ಗದು

‘ಸ್ವಲ್ಪ ಮುಗ್ಗಲು ಬಂದ ಜೋಳ, ಹುಳಿ ಬರಿಸಿದರೆ ಸರಿಹೋಗುತ್ತದೆ’ ಎಂಬ ನಂಬಿಕೆ ಪ್ರಾಣಕ್ಕೇ ಕುತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ರೋಗಕ್ಕೆ ಹೆಸರೇ ಇಲ್ಲದೆ ‘ಟರ್ಕಿ ಎಕ್ಸ್’ ಎಂದು ಕರೆದರು. ಹುಡುಕುತ್ತ ಹೋದರೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿದ್ದ ಆಸ್ಪರ್ಜಿಲಸ್ ಬೂಷ್ಟು, ಆ ಬೂಷ್ಟು ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ. ಅದು ನೇರ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ.

ಶೇಂಗಾ ಮತ್ತು ಮುಸುಕಿನ ಜೋಳ ನಮ್ಮ ಹೊಲದ್ದೇ ಬೆಳೆಗಳು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಸರಿಯಾಗಿ ಒಣಗದೆ ಚೀಲ ಸೇರಿದ ಕಾಳಿನಲ್ಲಿ ಇದೇ ಬೂಷ್ಟು ಬರುತ್ತದೆ. ಕುದಿಸಿದರೂ ಈ ವಿಷ ಹೋಗುವುದಿಲ್ಲ, ಮನೆಯ ಬಕೆಟ್ಟಿನ ಹುಳಿಯನ್ನು ನಂಬಿ ಕೂರುವ ಹಾಗೂ ಇಲ್ಲ. ಮೋಸವೆಂದರೆ ಹುಳಿ ವಾಸನೆ ಮುಗ್ಗಲು ವಾಸನೆಯನ್ನು ಮುಚ್ಚಿಬಿಡುತ್ತದೆ. ನೆನೆಸುವ ಮುಂಚೆ ಒಣ ಕಾಳನ್ನು ಅಂಗೈಯಲ್ಲಿ ಹಿಡಿದು ಮೂಸಬೇಕು.

ಹುಳಿಯನ್ನು ನಂಬಿ ಹಾಕಬಾರದ ಇನ್ನೂ ಕೆಲವಿವೆ. ಹರಳಿನ ಹಿಂಡಿ, ಹೊಂಗೆ ಹಿಂಡಿ ಗೊಬ್ಬರಕ್ಕೆ ಸರಿ, ಕೋಳಿಗೆ ವಿಷ. ಹಸಿ ಸೋಯಾ, ಹಸಿ ರಾಜ್ಮಾ ಬೇಯಿಸದೆ ಬೇಡ. ಹತ್ತಿಕಾಳಿನ ಹಿಂಡಿ ಹೆಚ್ಚಾದರೆ ಇಟ್ಟ ಮೊಟ್ಟೆಯ ಭಂಡಾರ ಹಸಿರು ತಿರುಗುವುದುಂಟು. ಮಿಕ್ಕ ಸಾರು, ಉಪ್ಪಿನಕಾಯಿ ರಸವನ್ನು ಬಕೆಟ್ಟಿಗೆ ಸುರಿಯುವವರಿದ್ದಾರೆ; ಅಷ್ಟು ಉಪ್ಪನ್ನು ಕೋಳಿ ತಾಳದು.

ಉಳಿತಾಯ ಎಷ್ಟು?

‘ಫೀಡು ಅರ್ಧಕ್ಕಿಳಿಯಿತು’ ಎಂಬ ಮಾತು ಹುಟ್ಟಿದ್ದು ಬಹುಶಃ ಬೊಗಸೆಯ ಲೆಕ್ಕದಿಂದ. ಕಿಲೋ ಒಣ ಕಾಳು ನೀರು ಕುಡಿದು ಎರಡು ಕಿಲೋ ಹತ್ತಿರ ತೂಗುತ್ತದೆ. ಮೊದಲು ನಾಲ್ಕು ಬೊಗಸೆ ಹಾಕುತ್ತಿದ್ದವರು ಈಗಲೂ ನಾಲ್ಕೇ ಹಾಕಿದರೆ ಚೀಲ ಎರಡರಷ್ಟು ದಿನ ಬಂದೇ ಬರುತ್ತದೆ, ಕೋಳಿ ಅರೆಹೊಟ್ಟೆಯಲ್ಲಿರುತ್ತದೆ. ನೆನೆಸುವ ಮುಂಚೆಯೇ ತೂಗಿ ಅಳತೆ ಇಟ್ಟುಕೊಳ್ಳುವುದು ಇದಕ್ಕೆ ಮದ್ದು.

ನಿಜವಾದ ಉಳಿತಾಯ ಚೆಲ್ಲುವುದರಲ್ಲಿದೆ. ಒಣ ಫೀಡು ಹಾಕಿದರೆ ಕೋಳಿ ಜೋಳದ ಚೂರನ್ನಷ್ಟೇ ಆರಿಸಿ, ಉಳಿದದ್ದನ್ನು ಕೊಕ್ಕಿನಿಂದ ಆಚೀಚೆ ಹಾರಿಸುತ್ತದೆ. ಪೋಷಕಾಂಶ ಬೆರೆತ ಪುಡಿಯೇ ತಳದಲ್ಲಿ ಉಳಿದು ರಾತ್ರಿ ಇಲಿಗಳ ಪಾಲಾಗುತ್ತದೆ. ಒದ್ದೆ ಆಹಾರದಲ್ಲಿ ಪುಡಿ ಕಾಳಿಗೆ ಅಂಟಿ ಎಲ್ಲವೂ ಹೊಟ್ಟೆ ಸೇರುತ್ತದೆ. ಹತ್ತರಲ್ಲೊಂದು ಪಾಲು ಚೆಲ್ಲುತ್ತಿದ್ದ ಮನೆಯಲ್ಲಿ ಹತ್ತು ಕೋಳಿಗೆ ತಿಂಗಳಿಗೆ ಮೂರು ಕಿಲೋ ಉಳಿದೀತು. ಅರ್ಧವಲ್ಲ, ಆದರೂ ಬಿಡುವಂಥದ್ದಲ್ಲ.

ಡೆನ್ಮಾರ್ಕಿನಲ್ಲಿ ಮೊಟ್ಟೆ ಕೋಳಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಎರಡೂ ಮುಖ ತೋರಿಸಿತು. ಹುಳಿ ಆಹಾರ ತಿಂದ ಕೋಳಿಗಳು ತಿಂದದ್ದನ್ನು ಚೆನ್ನಾಗಿ ಬಳಸಿಕೊಂಡವು, ಕರುಳಿನ ಆರೋಗ್ಯಕ್ಕೂ ಒಳ್ಳೆಯದಾಗುವ ಸೂಚನೆ ಕಂಡಿತು. ಆದರೆ ಅವುಗಳ ನಡುವೆ ಜಗಳ ಹೆಚ್ಚಾಗಿ ಗರಿಗಳು ಹಾಳಾದವು. ದೊಡ್ಡದಾದ ಮೇಲೆ ಒಮ್ಮೆಲೇ ಆಹಾರ ಬದಲಿಸಿದರೆ ಕೋಳಿ ಕಡಿಮೆ ತಿನ್ನುತ್ತದೆ, ಎಳೆತನದಲ್ಲೇ ರೂಢಿ ಮಾಡಿಸಬೇಕು ಎಂಬುದು ಸಂಶೋಧಕರ ಸಲಹೆಯಾಗಿತ್ತು. ನಮ್ಮ ಹಿತ್ತಲಲ್ಲಿ ಇದಕ್ಕೆ ಸುಲಭದ ದಾರಿ: ಒಣ ಆಹಾರಕ್ಕೆ ಕಾಲು ಭಾಗ ಹುಳಿ ಕಾಳು ಬೆರೆಸಿ ಶುರು ಮಾಡಿ ವಾರದಲ್ಲಿ ಏರಿಸುತ್ತ ಹೋಗುವುದು, ತಟ್ಟೆ ಎರಡು ಮೂರು ಕಡೆ ಇಡುವುದು. ಒಂದೇ ತಟ್ಟೆಗೆ ಎಲ್ಲವೂ ಮುಗಿಬಿದ್ದರೆ ಮೂಲೆಯ ಬಡಪಾಯಿ ಹೇಂಟೆಗೆ ಸಿಗುವುದು ಕುಟುಕು ಮಾತ್ರ.

ಇನ್ನು ರೋಗದ ವಿಚಾರ. ಹೊಟ್ಟೆಗೆ ಸಂಬಂಧಿಸಿದ ಕೆಲವು ಸೋಂಕಿಗೆ ಹುಳಿ ಅಡ್ಡ ನಿಲ್ಲಬಹುದು. ಹಿತ್ತಲ ಕೋಳಿಗಳನ್ನು ರಾತ್ರೋರಾತ್ರಿ ಸಾಲಾಗಿ ಮಲಗಿಸುವ ಕೊಕ್ಕರೆ ರೋಗ ವೈರಸ್ಸಿನದು, ಅದರ ಮುಂದೆ ಯಾವ ಬಕೆಟ್ಟೂ ನಿಲ್ಲದು. ಮರಿಗೆ ಮೊದಲ ವಾರದಲ್ಲೇ ಲಸೋಟ ಲಸಿಕೆಯ ಹನಿ ಬೀಳಬೇಕು, ಆಮೇಲಿನ ಲಸಿಕೆಗಳನ್ನೂ ತಪ್ಪಿಸಬಾರದು. ಕುಡಿಯುವ ನೀರಿನಲ್ಲಿ ಲಸಿಕೆ ಕೊಡುವ ದಿನ ಹುಳಿ ನೀರು, ಕ್ಲೋರಿನ್ ನೀರು ಎರಡೂ ದೂರವಿರಲಿ. ಲಸಿಕೆಯಲ್ಲಿರುವ ಜೀವಂತ ವೈರಸ್ಸು ಅದರಲ್ಲಿ ಸಾಯುತ್ತದೆ. ಒಂದು ಸೀಸೆ ಲಸಿಕೆ ಹತ್ತು ಕೋಳಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಕೇರಿಯ ಕೋಳಿ ಮನೆಗಳೆಲ್ಲ ಒಂದು ದಿನ ಗೊತ್ತುಮಾಡಿಕೊಂಡು, ಮಂಜುಗಡ್ಡೆ ಹಾಕಿದ ಫ್ಲಾಸ್ಕು ಹಿಡಿದು ಪಶು ಆಸ್ಪತ್ರೆಗೆ ಹೋದರೆ ಒಂದೇ ಸೀಸೆಯಲ್ಲಿ ಎಲ್ಲರ ಕೆಲಸವೂ ಮುಗಿಯುತ್ತದೆ.